ಐದು ಸಾವಿರಕ್ಕೆ ಟೆಕ್ನಿಕ್ಸ್!

ದೋಸ್ತ್‌ಗಳೇ, ಹೋದ ತಿಂಗಳು ನನಗೊಂದು ಲಾಟರಿ ಹೊಡೆದಿತ್ತು. ಕೈಯಾರೆ ಬಿಟ್ಟೆ! ರೂಮ್‌ಮೇಟ್‌ಗಳು ಇವತ್ತಿಗೂ ‘ಪೆದ್ದ’ ಅಂತ ಬೈತಿದ್ದಾರೆ. ನೀವೇ ಪಂಚಾಯ್ತಿ ಮಾಡಿ.

ಚಾಮರಾಜಪೇಟೆಯ ಒಂದು ವಠಾರ. ಸೌಂಡ್ ಸರ್ವೀಸ್ ನಡೆಸ್ತಿದ್ದ ಯಜಮಾನರು ತೀರಿಕೊಂಡು ವರ್ಷವಾಯ್ತು. ಅವರ ಮನೆಯಾಕೆ, ನಮಗೆಲ್ಲ ಅಕ್ಕ, ಮಂಚದ ಕೆಳಗಿಂದ ಒಂದು ರೆಕಾರ್ಡ್ ಪ್ಲೇಯರ್ ಎಳೆದ್ರು. “ಗುಜರಿಯವನು ಎರಡು ಸಾವಿರ ಅಂದ ತಮ್ಮಾ. ನೀನು ಐದು ಕೊಟ್ಟು ಎತ್ಕೊಂಡ್ಹೋಗು. ಹುಡುಗಿ ಫೀಸು ಕಟ್ಬೇಕು.”

ಧೂಳು ಒರೆಸಿದೆ. ಟೆಕ್ನಿಕ್ಸ್ ಎಸ್‌ಎಲ್-1200 ಮಾರ್ಕ್ ಟೂ! ಎದೆ ಧಸಕ್ಕೆಂದಿತು. ಜೇಬಿನಲ್ಲಿ 11,000 ಇತ್ತು ಸ್ವಾಮೀ...

ನಮ್ಮ ರಾಮಾಚಾರಿ ‘ನಾಗರಹಾವು’ ಚಿತ್ರದಲ್ಲಿ ತೆರೆಗೆ ಬಂದ 1972ರಲ್ಲೇ ಜಪಾನಿನಲ್ಲಿ ಈ 1200 ಹುಟ್ಟಿದ್ದು. ಬೆಲ್ಟ್ ಇಲ್ಲ, ಮೋಟಾರೇ ನೇರವಾಗಿ ತಟ್ಟೆ ತಿರುಗಿಸುತ್ತೆ. ಮಾರ್ಕ್ ಟೂ ಆಮೇಲೆ ಬಂತು. ಡಿಸ್ಕೋ ಹುಡುಗರು ಇದನ್ನು ಹಿಂದೆ ಮುಂದೆ ಉಜ್ಜಿದರೂ ಜಪ್ಪಯ್ಯ ಅನ್ನಲಿಲ್ಲ! 2010ರಲ್ಲಿ ತಯಾರಿಕೆ ನಿಂತು, 2016ರಲ್ಲಿ ಹೊಸ ರೂಪದಲ್ಲಿ ಮರಳಿತು. ಹಳೆಯದಕ್ಕೆ ಗಿರಾಕಿ ಮಾತ್ರ ತಪ್ಪಿಲ್ಲ.

ಆದ್ರೆ ಹೆಸರಿಗೆ ಬೆಲೆ ಕಟ್ಟಬಾರದು ಕಣ್ರೀ, ಸ್ಥಿತಿಗೆ ಕಟ್ಟಬೇಕು. ಪ್ಲಗ್ ಹಾಕೋ ಮುಂಚೆ ವೋಲ್ಟೇಜ್ ನೋಡಿದೆ. ಜಪಾನಿನ ಒಳಬಳಕೆಯ ಸೆಟ್ಟು 100 ವೋಲ್ಟಿನದು, ನಮ್ಮ 230ಕ್ಕೆ ನೇರ ಚುಚ್ಚಿದರೆ ಹೊಗೆಯೇ ಗತಿ! ಇದು ನಮ್ಮ ಕರೆಂಟಿನದೇ. ತಟ್ಟೆ ತಿರುಗಿತು. ಕೆಂಪು ದೀಪದ ಬೆಳಕಿನಲ್ಲಿ ಅಂಚಿನ ದೊಡ್ಡ ಚುಕ್ಕೆಗಳ ಸಾಲು ನಿಂತ ಹಾಗೇ ಕಂಡಿತು. ಅಂದ್ರೆ ಸ್ಪೀಡು ಸರಿ. ಮುಳ್ಳಿನ ತೋಳನ್ನು ಮೆಲ್ಲಗೆ ಅಲುಗಿಸಿದೆ, ಬುಡದಲ್ಲಿ ಲಡಲಡ ಇಲ್ಲ. ಮುಳ್ಳು ಮಾತ್ರ ಸವೆದಿತ್ತು, ಮೇಲಿನ ಮುಚ್ಚಳ ಸೀಳಿತ್ತು.

ಈಗ ರೇಟು. ನೆಟ್ಟಿನಲ್ಲಿ ಒಬ್ಬ ಮಹಾಶಯ 70,000 ಅಂತ ಬರೆದಿದ್ದ. ಕೇಳೋರಿಗೆ ಕಡಿವಾಣ ಉಂಟೇ? ನಿಜವಾಗಿ ಮಾರಾಟ ಆದದ್ದೆಷ್ಟು ಅಂತ ಪರಿಚಯದವರನ್ನು ವಿಚಾರಿಸಿದೆ. 45, 42, 40 ಸಾವಿರ ಅಂದ್ರು. ನಡುವಿನ 42 ಹಿಡಿದೆ. ಮುಳ್ಳಿಗೆ 4, ಮುಚ್ಚಳಕ್ಕೆ 4, ಸರ್ವೀಸಿಂಗ್‌ಗೆ 3 ಸಾವಿರ ಕಳೆದೆ. ಉಳಿದದ್ದು 31,000. ಅಂಗಡಿಗೆ ಕೊಟ್ಟರೆ 20 ಸಿಕ್ಕರೆ ಹೆಚ್ಚು, ಅವನೂ ಲಾಭ ನೋಡ್ಬೇಕಲ್ಲ, ಗ್ಯಾರಂಟಿ ಕೊಡ್ಬೇಕಲ್ಲ. ಅದು ಮೋಸವಲ್ಲ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಐದಕ್ಕೆ ಎತ್ತಿಕೊಳ್ಳೋದು ಬೇರೆ ಮಾತು.

ಸುಳ್ಳು ಯಾಕೆ, ಎರಡು ರಾತ್ರಿ ನಾನೂ ಬಾಯಿ ಮುಚ್ಚಿಕೊಂಡೇ ಇದ್ದೆ. ಮೂರನೇ ದಿನ ಹೋಗಿ ಹೇಳಿಬಿಟ್ಟೆ.

ಅಕ್ಕ ನಂಬಲಿಲ್ಲ! “ಹಂಗಾದ್ರೆ ನೀನ್ಯಾಕೆ ತಗೊಳ್ಳಲ್ಲ? ಏನೋ ಐಬಿರ್ಬೇಕು” ಅಂದ್ರು. ಜೇಬು ತೋರಿಸಿದೆ. ನಕ್ಕರು.

ಜಯನಗರದ ರೆಕಾರ್ಡ್ ಹುಚ್ಚರೊಬ್ಬರು ಬಂದು, ಚೌಕಾಸಿ ಮಾಡಿ, 30,000 ಎಣಿಸಿ ಹೊತ್ತುಕೊಂಡು ಹೋದರು. ನನಗೆ ಒಂದು ಲೋಟ ಕಾಫಿ, ಜೊತೆಗೆ ಯಜಮಾನರು ಇಟ್ಟುಕೊಂಡಿದ್ದ ‘ನಾಗರಹಾವು’ ರೆಕಾರ್ಡು ಸಿಕ್ಕಿತು. ಗೋಡೆಗೆ ಒರಗಿಸಿಟ್ಟು ದಿನಾ ನೋಡ್ತಿದ್ದೀನಿ. ಹಾಕೋಣ ಅಂದ್ರೆ ಪ್ಲೇಯರೇ ಇಲ್ವಲ್ಲ!