ಕರೆಂಟು ಬಂತು, ಅದರ ವಿದ್ಯೆ ಬರಲಿಲ್ಲ

ದಂಡಿನಶಿವರ ಹೋಬಳಿಯಲ್ಲಿ ಇಂದು ಕರೆಂಟಿಲ್ಲದೆ ಯಾವ ಕೆಲಸವೂ ಸಾಗದು. ತೆಂಗಿನ ತೋಟಕ್ಕೆ ನೀರೆತ್ತುವುದು ಕರೆಂಟು, ನಾರಿನ ಮಿಲ್ಲು ತಿರುಗಿಸುವುದು ಕರೆಂಟು, ರಾಗಿ ಬೀಸುವುದು ಕರೆಂಟು. ಅಮ್ಮಸಂದ್ರದ ಸಿಮೆಂಟು ಕಾರ್ಖಾನೆಯಿಂದ ಹಿಡಿದು ಬೀದಿ ಬದಿಯ ಸೈಕಲ್ ಅಂಗಡಿಯವರೆಗೆ ಎಲ್ಲರೂ ಅದರ ಆಶ್ರಯದಲ್ಲೇ ಬದುಕುತ್ತಿದ್ದಾರೆ. ಆದರೆ ತೋಟದ ಮೋಟಾರು ಏಕೆ ಸುಟ್ಟಿತು ಎಂದು ಹತ್ತನೆಯ ತರಗತಿ ಪಾಸಾದ ಹುಡುಗನನ್ನು ಕೇಳಿ ನೋಡಿ. "ಕರೆಂಟು ಸರಿಯಿರಲಿಲ್ಲ" ಎನ್ನುತ್ತಾನೆ. ಅದಕ್ಕಿಂತ ಮುಂದೆ ಅವನ ಬಾಯಿಂದ ಮಾತು ಹೊರಡುವುದಿಲ್ಲ. ಇದು ಹುಡುಗನ ದಡ್ಡತನವಲ್ಲ. ನಮ್ಮ ಜನರಿಗೆ ಕರೆಂಟು ಕೊಟ್ಟವರು ಅದರ ವಿದ್ಯೆಯನ್ನು ಕೊಡಲಿಲ್ಲ.

ಇದು ಇಂದು ನಿನ್ನೆಯ ಕಥೆಯಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ಹುಟ್ಟಿತು. ಅದು ಮೊದಲು ಹೋದದ್ದು ಎಲ್ಲಿಗೆ? ಹತ್ತಿರದ ಹಳ್ಳಿಗಳಿಗಲ್ಲ. 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ, ಅಂದರೆ ಇಂಗ್ಲಿಷ್ ಕಂಪನಿಗಳ ಕೆಲಸಕ್ಕೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಹಳ್ಳಿಯ ಗುಡಿಸಿಲಿಗೆ ಬರಲು ಅನೇಕ ದಶಕಗಳು ಹಿಡಿದವು. ಹೋರಾಡಿ, ಅರ್ಜಿ ಕೊಟ್ಟು, ಕಂಬ ಹಾಕಿಸಿಕೊಂಡೆವು. ಆದರೆ ಜ್ಞಾನದ ಲೈನು ಇನ್ನೂ ದೊಡ್ಡ ಊರುಗಳಲ್ಲೇ ನಿಂತಿದೆ.

"ಪಾಠದಲ್ಲಿ ಎಲ್ಲವೂ ಇದೆಯಲ್ಲ?" ಎಂದು ಕೆಲವರು ಕೇಳಬಹುದು. ಇದೆ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಓಮನ ನಿಯಮವಿದೆ, ಸರಣಿ ಜೋಡಣೆ, ಸಮಾಂತರ ಜೋಡಣೆ ಇದೆ, ತಂತಿ ಬಿಸಿಯಾಗುವ ಲೆಕ್ಕವಿದೆ, ಫ್ಯೂಸಿನ ಮಾತೂ ಇದೆ. ನಾನು ಉಪಾಧ್ಯಾಯನಾಗಿದ್ದ ದಿನಗಳಲ್ಲಿ ಮಕ್ಕಳು ಇದನ್ನೆಲ್ಲ ಮಗ್ಗಿಯಂತೆ ಒಪ್ಪಿಸುವುದನ್ನು ಕೇಳಿದ್ದೇನೆ. ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಆದರೆ ಅಮ್ಮೀಟರನ್ನು ಕೈಯಲ್ಲಿ ಹಿಡಿಯದೆ, ಒಂದು ಮೋಟಾರಿನ ಹೊಟ್ಟೆ ಬಿಚ್ಚಿ ನೋಡದೆ ಕಲಿತ ನಿಯಮ ಬಾಳಿಗೆ ಒದಗುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ವೋಲ್ಟೇಜು ಎಂದರೆ ತೊಟ್ಟಿಯ ಎತ್ತರ, ಆಂಪೇರು ಎಂದರೆ ಪೈಪಿನಲ್ಲಿ ಹರಿಯುವ ನೀರು, ರೋಧ ಎಂದರೆ ಪೈಪಿನ ಬಿಗಿ ಎಂದಿಟ್ಟುಕೊಳ್ಳಿ. ಎತ್ತರ ಕಡಿಮೆಯಾದರೆ ಹರಿವೂ ಕಡಿಮೆಯಾಗುತ್ತದೆ. ಓಮನ ನಿಯಮ ಹೇಳುವುದೂ ಇದನ್ನೇ. ಹಳೆಯ ತಂತಿ ಬಲ್ಬಿನ ಮಟ್ಟಿಗೆ ಈ ಮಾತು ನಿಜ. ವೋಲ್ಟೇಜು ಇಳಿದರೆ ಬಲ್ಬು ಮಂಕಾಗುತ್ತದೆ, ಸುಡುವುದಿಲ್ಲ. ಹಾಗಾದರೆ ವೋಲ್ಟೇಜು ಇಳಿದಾಗ ಮೋಟಾರು ಏಕೆ ಸುಡುತ್ತದೆ? ಬಾಯಿಪಾಠದ ಹುಡುಗ ಇಲ್ಲಿ ಸೋಲುತ್ತಾನೆ. ಮೋಟಾರಿನ ತಲೆಯ ಮೇಲೆ ನೀರೆತ್ತುವ ಭಾರವಿದೆ. ವೋಲ್ಟೇಜು ಇಳಿಯಿತೆಂದು ಭಾರ ಇಳಿಯುವುದಿಲ್ಲ. ಅದೇ ಕೆಲಸ ಮಾಡಲು ಮೋಟಾರು ಹೆಚ್ಚು ಆಂಪೇರು ಎಳೆಯುತ್ತದೆ. 8 ಆಂಪೇರ್ ಎಳೆಯಬೇಕಾದ 5 ಎಚ್.ಪಿ. ಮೋಟಾರು 10 ಎಳೆಯಿತೆನ್ನಿ. ಬಿಸಿ ಹೆಚ್ಚುವುದು ಪ್ರವಾಹದ ವರ್ಗದ ಲೆಕ್ಕದಲ್ಲಿ. ಆದ್ದರಿಂದ ತಂತಿಯ ಬಿಸಿ ಒಂದೂವರೆ ಪಟ್ಟು ಮೀರುತ್ತದೆ. ಗಂಟೆಗಟ್ಟಲೆ ಹೀಗೆ ನಡೆದರೆ ಸುರುಳಿಯ ಕವಚ ಕರಗಿ ಮೋಟಾರು ಹೋಗುತ್ತದೆ. ಸರ್ಕಾರ 10 ಎಚ್.ಪಿ.ವರೆಗಿನ ಪಂಪಿಗೆ ಕರೆಂಟು ಪುಕ್ಕಟೆ ಕೊಡುತ್ತದೆ, ನಿಜ. ಸುಟ್ಟ ಮೋಟಾರಿಗೆ ಹೊಸದಾಗಿ ತಂತಿ ಸುತ್ತಿಸುವ ಖರ್ಚು ಮಾತ್ರ ರೈತನದೇ.

ವೋಲ್ಟೇಜು ಏಕೆ ಇಳಿಯಿತು ಎಂಬುದು ಮುಂದಿನ ಪ್ರಶ್ನೆ. ಅದಕ್ಕೂ ಲೆಕ್ಕವಿದೆ. 1 ಎಚ್.ಪಿ. ಎಂದರೆ 746 ವಾಟ್. 5 ಎಚ್.ಪಿ. ಮೋಟಾರು, ತನ್ನ ನಷ್ಟವನ್ನೂ ಸೇರಿಸಿ, ಟ್ರಾನ್ಸ್‌ಫಾರ್ಮರಿನ ಮೇಲೆ ಹಾಕುವ ಭಾರ ಸುಮಾರು 6 ಕೆ.ವಿ.ಎ. ಹಾಗಾದರೆ 25 ಕೆ.ವಿ.ಎ. ಟ್ರಾನ್ಸ್‌ಫಾರ್ಮರು ಇಂಥ ನಾಲ್ಕು ಮೋಟಾರು ಹೊರಬಲ್ಲದು. ಅದಕ್ಕೆ ಏಳೆಂಟು ತಗುಲಿಸಿದರೆ? ಅದರ ಮೇಲೆ ಎಲ್ಲರೂ ಆಟೋ ಸ್ಟಾರ್ಟರ್ ಇಟ್ಟಿರುತ್ತಾರೆ. ಮೂರು ಫೇಸ್ ಬಂದ ಕ್ಷಣವೇ ಎಲ್ಲ ಮೋಟಾರುಗಳೂ ಒಟ್ಟಿಗೆ ಹೊರಡುತ್ತವೆ. ಹೊರಡುವಾಗ ಪ್ರತಿಯೊಂದೂ ಐದಾರು ಪಟ್ಟು ಆಂಪೇರು ಎಳೆಯುತ್ತದೆ. ಒಬ್ಬನ ಅವಸರಕ್ಕೆ ಎಲ್ಲರ ತೋಟ ಒಣಗುತ್ತದೆ. ಒಂದು ಟ್ರಾನ್ಸ್‌ಫಾರ್ಮರಿನ ಕೆಳಗೆ ಇರುವವರೆಲ್ಲ ಒಂದೇ ಒಲೆಯ ಮನೆಯವರು. ಈ ಲೆಕ್ಕ ತಿಳಿದ ಜನ ತಮ್ಮತಮ್ಮಲ್ಲಿ ಸರದಿ ಕಟ್ಟಿಕೊಳ್ಳುತ್ತಾರೆ, ಕೆಪಾಸಿಟರ್ ಹಾಕಿಸುತ್ತಾರೆ, ಕಚೇರಿಗೆ ಹೋಗಿ "ಸ್ವಾಮಿ, ಕೃಪೆ ಮಾಡಿ" ಎನ್ನದೆ "ಇಷ್ಟು ಭಾರಕ್ಕೆ ಇಷ್ಟು ಕೆ.ವಿ.ಎ. ಬೇಕು" ಎಂದು ಕಾಗದದ ಮೇಲೆ ಬರೆದು ಕೇಳುತ್ತಾರೆ. ಲೆಕ್ಕ ತಿಳಿಯದವರು ಪಕ್ಕದ ತೋಟದವನೊಡನೆ ಜಗಳವಾಡುತ್ತಾರೆ.

ಮಿಲ್ಲಿನ ಕೆಲಸಗಾರನಿಗೂ ಅಂಗಡಿಯವನಿಗೂ ಇದು ಪ್ರಾಣದ ಮಾತು. ಫ್ಯೂಸು ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಸುತ್ತಿ ಕೂರಿಸುವ ಅಭ್ಯಾಸ ನಮ್ಮಲ್ಲಿದೆ. ಫ್ಯೂಸು ಕರಗದಿದ್ದರೆ ಗೋಡೆಯ ವೈರು ಕಾಯುತ್ತದೆ. ನಾರಿನ ಧೂಳು ತುಂಬಿದ ಮಿಲ್ಲಿನಲ್ಲಿ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯಿರುವ ಮನೆಯಲ್ಲಿ ಬೆಂಕಿಗೆ ಇನ್ನೇನು ಬೇಕು?

ಇನ್ನೊಂದು ಮಾತನ್ನು ಎಲ್ಲರೂ ತಿಳಿಯಬೇಕು. ಫ್ಯೂಸು ವೈರನ್ನು ಕಾಯುತ್ತದೆ, ಮನುಷ್ಯನನ್ನು ಕಾಯುವುದಿಲ್ಲ. 60 ವಾಟಿನ ಬಲ್ಬು ಎಳೆಯುವ ಪ್ರವಾಹದ ಎಂಟನೆಯ ಒಂದು ಪಾಲು ಎದೆಯ ಮೂಲಕ ಹಾದರೆ ಮನುಷ್ಯನ ಜೀವಕ್ಕೆ ಅಪಾಯ. 5 ಆಂಪೇರಿನ ಫ್ಯೂಸಿಗೆ ಅದು ಗೊತ್ತೂ ಆಗುವುದಿಲ್ಲ. ಜೀವ ಕಾಯುವುದು ಒಳ್ಳೆಯ ಅರ್ಥಿಂಗು ಮತ್ತು 30 ಮಿಲಿ ಆಂಪೇರ್ ಸೋರಿದೊಡನೆ ಲೈನು ಕಡಿಯುವ ಸ್ವಿಚ್ಚು. ಇವು ಯಂತ್ರದ ಬಳಿ ಇವೆಯೇ ಎಂದು ಕೆಲಸಗಾರ ಮಾಲೀಕನನ್ನು ಕೇಳಬೇಕು. ಕೇಳಬೇಕಾದರೆ ಮೊದಲು ತಿಳಿದಿರಬೇಕು. ಕಾಯಿ ಕೀಳುವ ದೋಟಿಯ ವಿಷಯವೂ ಹೀಗೆಯೇ. ಬಿದಿರಿನ ದೋಟಿ ಹೋಗಿ ಅಲ್ಯುಮಿನಿಯಂ ದೋಟಿ ಬಂದಿದೆ. ಮರದ ಪಕ್ಕದಲ್ಲೇ 11,000 ವೋಲ್ಟಿನ ತಂತಿ ಹಾದಿರುತ್ತದೆ. ವಾಹಕ ಯಾವುದು, ಅವಾಹಕ ಯಾವುದು ಎಂಬ ಪಾಠ ಇಲ್ಲಿ ಅಂಕದ ಪ್ರಶ್ನೆಯಲ್ಲ, ಕೂಲಿಯವನ ಹೆಂಡತಿಮಕ್ಕಳ ಅನ್ನದ ಪ್ರಶ್ನೆ.

"ಅರೆಬರೆ ವಿದ್ಯೆ ಅಪಾಯ, ಇದೆಲ್ಲ ಇಂಜಿನಿಯರುಗಳಿಗೆ ಬಿಡಿ" ಎನ್ನುವವರಿದ್ದಾರೆ. ಕಂಬ ಹತ್ತಿರೆಂದು ಯಾರಿಗೂ ನಾವು ಹೇಳುತ್ತಿಲ್ಲ. ಯಾವುದನ್ನು ಮುಟ್ಟಬಾರದು ಎಂಬುದನ್ನು ಕಲಿಸುವುದೂ ಮೂಲಪಾಠವೇ. ಅಪಾಯವಿರುವುದು ವಿದ್ಯೆಯಲ್ಲಲ್ಲ, ಅಜ್ಞಾನದಲ್ಲಿ. ಅಷ್ಟಕ್ಕೂ ಈ ಶಾಸ್ತ್ರವನ್ನು ಕಟ್ಟಿದವರು ಯಾರು? ಓಮ್ ಬೀಗ ಮಾಡುವವನ ಮಗ, ಶಾಲೆಯ ಉಪಾಧ್ಯಾಯ. ತನ್ನ ನಿಯಮವನ್ನು 1827ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ. ಫ್ಯಾರಡೆ ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿಯಲ್ಲಿ ಕೆಲಸ ಕಲಿತವನು. 1831ರಲ್ಲಿ ಅವನು ಕಂಡುಹಿಡಿದ ತತ್ವದ ಮೇಲೆಯೇ ಇಂದಿನ ಜನರೇಟರೂ ಟ್ರಾನ್ಸ್‌ಫಾರ್ಮರೂ ನಿಂತಿವೆ. ದುಡಿಯುವವರ ಮಕ್ಕಳು ಕಟ್ಟಿದ ವಿದ್ಯೆ ದುಡಿಯುವವರ ಮಕ್ಕಳಿಗೆ ನಿಲುಕದು ಎನ್ನುವುದು ಯಾವ ನ್ಯಾಯ?

ಭಾಷೆಯ ಗೋಡೆಯೂ ಇದೆ. ಕನ್ನಡದಲ್ಲಿ "ವಿಭವಾಂತರ" ಎಂದು ಓದಿ ಬಂದ ಹುಡುಗ ಡಿಪ್ಲೊಮಾ ಸೇರಿದರೆ ಅದೇ ಪಾಠವನ್ನು ಇಂಗ್ಲಿಷಿನಲ್ಲಿ ಹೊಸದಾಗಿ ಉರು ಹೊಡೆಯಬೇಕು. ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು 2021ರಲ್ಲಿ ಅನುಮತಿ ಸಿಕ್ಕಿದೆ. ಅನುಮತಿಯಿಂದ ಹೊಟ್ಟೆ ತುಂಬದು, ಪುಸ್ತಕ ಬೇಕು, ಕಲಿಸುವವರು ಬೇಕು. ಇಂಗ್ಲಿಷ್ ಪದ ಬೇಡವೆಂಬ ಹಟವೂ ಬೇಡ. ಫೇಸು, ಫ್ಯೂಸು, ಲೋಡು ನಮ್ಮ ಜನರ ಬಾಯಲ್ಲಿ ಈಗಾಗಲೇ ಕನ್ನಡವಾಗಿವೆ. ಆ ಮಾತಿನಲ್ಲೇ ವಿವರಿಸಿ, ಸಾಕು.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಪ್ರತಿ ಪ್ರೌಢಶಾಲೆಗೂ ಮಕ್ಕಳು ಕೈಯಿಟ್ಟು ಕಲಿಯಲು ಮೀಟರುಗಳು ಮತ್ತು ಬಿಚ್ಚಿ ಕೂಡಿಸಲು ಒಂದು ಹಳೆಯ ಮೋಟಾರು ಬೇಕು. ಐ.ಟಿ.ಐ. ಮತ್ತು ಡಿಪ್ಲೊಮಾ ಪಾಠಕ್ಕೆ ತಿಳಿಗನ್ನಡದ ಪುಸ್ತಕ ಬೇಕು. ಪ್ರತಿ ಟ್ರಾನ್ಸ್‌ಫಾರ್ಮರಿನ ಬಳಿ ಅದು ಹೊರುವ ಭಾರವೆಷ್ಟು, ಈಗ ಹೊತ್ತಿರುವುದೆಷ್ಟು ಎಂಬ ಹಲಗೆ ಕನ್ನಡದಲ್ಲಿ ತೂಗಬೇಕು. ಸರ್ಕಾರ ಕೊಡುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಮಿಲ್ಲಿನ ಸಂಘವೂ ವರ್ತಕರ ಸಂಘವೂ ಸೇರಿದರೆ ವಾರಕ್ಕೆರಡು ಸಂಜೆಯ ತರಗತಿ ನಡೆಸುವುದು ದೊಡ್ಡ ಮಾತಲ್ಲ. ಕೆಲಸ ಬಲ್ಲ ಎಲೆಕ್ಟ್ರಿಷಿಯನ್ನರು ನಮ್ಮ ನಡುವೆಯೇ ಇದ್ದಾರೆ. ಒಂದು ಕೊಠಡಿ, ಒಂದು ಕರಿಹಲಗೆ, ಒಂದು ಮೀಟರು ಸಾಕು. ಕಲಿಯುವ ಮಕ್ಕಳನ್ನು ಕಳುಹಿಸಿಕೊಡುವ ಜವಾಬ್ದಾರಿ ಓದುಗ ಬಂಧುಗಳದು.