ಕಾವಲಿನ ಬೆಲೆ

ಮುಂಬಯಿಯ ಗೃಹನಿರ್ಮಾಣ ಸಹಕಾರಿ ಸಂಘಗಳ ವಾರ್ಷಿಕ ಸಭೆಗಳಲ್ಲಿ ಬಹಳ ಹೊತ್ತು ಚರ್ಚೆಗೊಳಗಾಗುವ ವಿಷಯಗಳಲ್ಲಿ ಕಾವಲಿನ ವೆಚ್ಚವೂ ಒಂದು. ಎಲ್ಲಕ್ಕಿಂತ ಕಡಮೆ ದರ ಹೇಳಿದ ಏಜನ್ಸಿಗೆ ಗುತ್ತಿಗೆ ಕೊಟ್ಟು ಸದಸ್ಯರು ನಿಶ್ಚಿಂತರಾಗುತ್ತಾರೆ. ಆದರೆ ತಾವು ಕೊಂಡದ್ದು ಕಾವಲನ್ನೋ, ಬಾಗಿಲ ಬಳಿ ಕುರ್ಚಿಯಲ್ಲಿ ಕುಳಿತ ಸಮವಸ್ತ್ರವನ್ನೋ ಎಂದು ವಿಚಾರಿಸುವವರು ವಿರಳ. ಇಂಥ ಸಂಘಗಳಲ್ಲಿ ಸದಸ್ಯರೂ ಕಾರ್ಯದರ್ಶಿಗಳೂ ಆಗಿರುವ ನಮ್ಮ ವಾಚಕರು ಈ ಪ್ರಶ್ನೆಗೆ ಲಕ್ಷ್ಯವೀಯುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಬಂದುಹೋಗುವವರ ಹೆಸರು ಬರೆದುಕೊಳ್ಳುವುದು ಕಾವಲಿನ ಒಂದು ಭಾಗ ಮಾತ್ರ. ಅದರ ಜೀವಾಳವಿರುವುದು ಗಸ್ತಿನಲ್ಲಿ. ಆವರಣದ ಗೋಡೆ, ವಾಹನಗಳ ನೆಲಮಾಳಿಗೆ, ಪಂಪಿನ ಕೋಣೆ, ವಿದ್ಯುತ್ ಮೀಟರುಗಳ ಕೋಣೆ, ಗಚ್ಚಿಯ ಬಾಗಿಲು ಇವನ್ನೆಲ್ಲ ಕಾವಲುಗಾರನು ಕಣ್ಣಾರೆ ಕಂಡು ಬರಬೇಕು. ಮುರಿದ ಬೀಗ, ಆರಿದ ದೀಪ, ಸುಡುತ್ತಿರುವ ತಂತಿಯ ವಾಸನೆ ಅವನ ಗಮನಕ್ಕೆ ಮೊದಲು ಬರಬೇಕು. ಗಸ್ತಿನ ವೇಳೆ ನಿತ್ಯವೂ ಒಂದೇ ಆಗಿರಕೂಡದು. ನಿಯತವಾದ ವೇಳೆ ಕಳ್ಳನಿಗೂ ತಿಳಿದುಬಿಡುತ್ತದೆ. ಹಿಂದೆ ಗೂರ್ಖನು ಕೋಲು ಕುಟ್ಟುತ್ತ, ಸೀಟಿ ಊದುತ್ತ ಸಾಗುತ್ತಿದ್ದನು. ಈಗ ಅಲ್ಲಲ್ಲಿ ಗೋಡೆಗೆ ಅಂಟಿಸಿದ ಗುರುತಿಗೆ ಯಂತ್ರವನ್ನು ತಾಗಿಸಿ ವೇಳೆಯನ್ನು ದಾಖಲಿಸುವ ಪದ್ಧತಿ ಬಂದಿದೆ. ಆದರೆ ಕಾಲು ಅಲ್ಲಿಗೆ ಹೋಗಿತ್ತೆಂಬುದನ್ನು ಯಂತ್ರ ಹೇಳೀತೇ ಹೊರತು, ಕಣ್ಣು ಎಚ್ಚರವಾಗಿತ್ತೆಂಬುದನ್ನಲ್ಲ.

ಆ ಎಚ್ಚರ ತರಬೇತಿಯಿಂದಲೂ ವಿಶ್ರಾಂತಿಯಿಂದಲೂ ಬರತಕ್ಕದ್ದು. ಖಾಸಗಿ ಭದ್ರತಾ ಏಜನ್ಸಿಗಳಿಗೆ ಪರವಾನೆಯನ್ನು ಕಡ್ಡಾಯಗೊಳಿಸಿದ ಕೇಂದ್ರದ ಕಾಯಿದೆ 2005ರದು. ಹೊಸ ಕಾವಲುಗಾರನಿಗೆ ಕನಿಷ್ಠ 20 ಕೆಲಸದ ದಿನಗಳಲ್ಲಿ 100 ಗಂಟೆಗಳ ಪಾಠವನ್ನೂ 60 ಗಂಟೆಗಳ ಪ್ರತ್ಯಕ್ಷ ಶಿಕ್ಷಣವನ್ನೂ 2006ರ ಮಾದರಿ ನಿಯಮಗಳು ವಿಧಿಸಿದವು. ಹೀಗಿದ್ದೂ, ನಿನ್ನೆ ಊರಿನಿಂದ ಬಂದವನು ಇಂದು ಸಮವಸ್ತ್ರ ತೊಟ್ಟು ನಿಲ್ಲುವ ದೃಶ್ಯ ಅಪರೂಪವಲ್ಲ. ತನ್ನ ಅಧಿಕಾರದ ಎಲ್ಲೆಯನ್ನು ಅವನಿಗೆ ತಿಳಿಸಿದವರು ಯಾರು? ಅವನು ಪೋಲೀಸನಲ್ಲ. ಕಣ್ಣೆದುರೇ ಗುರುತರ ಅಪರಾಧ ನಡೆದಾಗ ಯಾವ ನಾಗರಿಕನಾದರೂ ಅಪರಾಧಿಯನ್ನು ಹಿಡಿಯಬಹುದು; ಆದರೆ 2024ರ ಜುಲೈಯಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ಮೇರೆಗೆ, ವಿಳಂಬಿಸದೆ, ಆರು ಗಂಟೆಗಳೊಳಗಾಗಿ ಅವನನ್ನು ಪೋಲೀಸರಿಗೆ ಒಪ್ಪಿಸಬೇಕು. ಇದನ್ನರಿಯದವನು ಸಂಶಯಕ್ಕೊಳಗಾದ ಬಡವನನ್ನು ಥಳಿಸಿದರೆ, ಆ ಅನ್ಯಾಯದಲ್ಲಿ ಅವನನ್ನು ನಿಲ್ಲಿಸಿದವರಿಗೂ ಪಾಲಿದೆ.

ವಿಶ್ರಾಂತಿಯ ಮಾತಂತೂ ಇನ್ನೂ ಶೋಚನೀಯ. ಹನ್ನೆರಡು ಗಂಟೆಗಳ ಪಾಳಿ ರೂಢಿಯಾಗಿದೆ. ಬದಲಿಯವನು ಬಾರದಿದ್ದರೆ ಅದೇ ಇಪ್ಪತ್ತನಾಲ್ಕಾಗುತ್ತದೆ. ಇದರ ನಡುವೆ ಕಾರು ತೊಳೆಯುವ, ಸಾಮಾನು ಹೊರುವ ಕೆಲಸವೂ ಅವನದೇ. ಅವನು ಐದನೆಯ ಮಹಡಿಗೆ ಚೀಲ ಹೊರುವಾಗ ಹೆಬ್ಬಾಗಿಲನ್ನು ಕಾಯುವವರಾರು?

ಮಹಾರಾಷ್ಟ್ರದಲ್ಲಿ 1981ರ ಕಾಯಿದೆಯನ್ವಯ ಕಾವಲುಗಾರರ ಮಂಡಳಿಗಳಿವೆ. ಏಜನ್ಸಿಗಳ ಕಾವಲುಗಾರರಿಗೆ ಆ ಕಾಯಿದೆಯಿಂದ ವಿನಾಯಿತಿ ಕೊಡುವುದಾದರೂ, ಅವರಿಗೆ ದೊರೆಯುವ ಸೌಲಭ್ಯಗಳು ಅದರಲ್ಲಿ ಹೇಳಿದುದಕ್ಕಿಂತ ಕಡಮೆಯಾಗಿರಕೂಡದು. ಕಾಯಿದೆಯ ಕೊರತೆ ಇಲ್ಲ. ಕೇಳುವವರ ಕೊರತೆ ಇದೆ. ಗುತ್ತಿಗೆಗೆ ಸಹಿ ಹಾಕುವ ಮುನ್ನ ಪರವಾನೆ, ತರಬೇತಿಯ ಪ್ರಮಾಣಪತ್ರ, ಕೈಗೆ ಸಲ್ಲುವ ವೇತನ, ಭವಿಷ್ಯನಿಧಿ ಇವುಗಳನ್ನು ಸಂಘಗಳು ವಿಚಾರಿಸಲಿ. ಎಂಟು ಗಂಟೆಗಳ ಮೂರು ಪಾಳಿಗಳನ್ನು ಏರ್ಪಡಿಸಲಿ. ವೆಚ್ಚ ಹೆಚ್ಚುವುದು ನಿಜ. ಆದರೆ ನಮ್ಮ ಮನೆಮಂದಿಯ ಪ್ರಾಣವನ್ನು ಯಾರ ಎಚ್ಚರಕ್ಕೆ ಒಪ್ಪಿಸಿ ಮಲಗುತ್ತೇವೆಯೋ, ಅವನ ನಿದ್ರೆಯನ್ನು ಕಸಿದು ಉಳಿಸಿದ ಹಣ ಉಳಿತಾಯವೆನಿಸದು.