ವೇಗ ಇದ್ದರೆ ಸಾಲದು: ಗಡಿನಾಡಿನ ಮನೆಗಳಲ್ಲಿ ಆಟ ಸಿಕ್ಕಿಕೊಳ್ಳುವುದೇಕೆ?

ಕಾಸರಗೋಡು: ರಾತ್ರಿ ಒಂಬತ್ತು ಗಂಟೆಯಾಯಿತೆಂದರೆ ನಮ್ಮೂರಿನ ಹುಡುಗರಿಂದ ಒಂದೇ ದೂರು. ಎದುರಾಳಿ ಕಣ್ಣೆದುರಿಗೇ ಇದ್ದ, ಗುಂಡು ಹಾರಿಸಿದ್ದೂ ಆಯಿತು, ಅಷ್ಟರಲ್ಲಿ ತೆರೆ ಸ್ತಬ್ಧ. ಮತ್ತೆ ಚಿತ್ರ ಅಲುಗಾಡುವ ಹೊತ್ತಿಗೆ ಸತ್ತು ಬಿದ್ದಿರುವವನು ತಾನೇ! ಇದಕ್ಕೆ ಅವರು ಇಟ್ಟಿರುವ ಹೆಸರು 'ಲ್ಯಾಗ್'.

ಮಕ್ಕಳ ಆಟದ ವಿಷಯವೆಂದು ಹಿರಿಯರು ಇದನ್ನು ತಳ್ಳಿಹಾಕುವುದುಂಟು. ಆದರೆ ಆಟದಲ್ಲಿ ಕಾಣಿಸುವ ಇದೇ ರೋಗ ಆನ್‌ಲೈನ್ ಪರೀಕ್ಷೆಯನ್ನು ಅರ್ಧಕ್ಕೆ ನಿಲ್ಲಿಸುತ್ತದೆ, ವೈದ್ಯರೊಂದಿಗಿನ ವೀಡಿಯೋ ಮಾತುಕತೆಯನ್ನು ಕಡಿಯುತ್ತದೆ, ಗಲ್ಫ್‌ನಲ್ಲಿರುವ ಮಗನ ಧ್ವನಿಯನ್ನು ತುಂಡುತುಂಡಾಗಿಸುತ್ತದೆ. ಆಟಗಾರನಿಗೆ ಅದು ಮೊದಲು ಗೊತ್ತಾಗುತ್ತದೆ, ಅಷ್ಟೇ.

ನನ್ನ ತಮ್ಮನ ಮಗ ಒಂದೇ ವರ್ಷದಲ್ಲಿ ಎರಡು ಬಾರಿ ಹೆಚ್ಚು ಹಣ ಕೊಟ್ಟು ದೊಡ್ಡ ಪ್ಲಾನ್ ಹಾಕಿಸಿಕೊಂಡ. "ದೊಡ್ಡಪ್ಪ, ಸ್ಪೀಡ್ ಟೆಸ್ಟಿನಲ್ಲಿ ತೊಂಬತ್ತು ತೋರಿಸುತ್ತದೆ, ಆಟ ಮಾತ್ರ ಸಿಕ್ಕಿಕೊಳ್ಳುತ್ತದೆ" ಎಂದು ಅವನ ಅಳಲು. ಕಂಪ್ಯೂಟರ್ ಓದಿದವನಲ್ಲದ ನಾನು ಇದರ ಹಿಂದೆ ಬಿದ್ದದ್ದು ಅವನ ದೆಸೆಯಿಂದ.

ಮೂಲ ಗೊಂದಲ ಇರುವುದು 'ಸ್ಪೀಡ್' ಎಂಬ ಮಾತಿನಲ್ಲಿ. ಕಂಪೆನಿಗಳು ಮಾರುವ ಎಂಬಿಪಿಎಸ್ ಎಂದರೆ ರಸ್ತೆ ಎಷ್ಟು ಅಗಲ ಎಂಬ ಲೆಕ್ಕ. ಆಟಕ್ಕೆ ಅಗಲ ರಸ್ತೆ ಬೇಕಾಗಿಲ್ಲ. ಅದು ಕಳಿಸುವುದು ಸಣ್ಣ ಸಣ್ಣ ಪೊಟ್ಟಣಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು. ಅವು ಹೋಗಿ ಉತ್ತರ ಬರಲು ತಗಲುವ ಸಮಯವೇ ಪಿಂಗ್. ಈ ಸಮಯ ಒಮ್ಮೆ 30, ಒಮ್ಮೆ 200 ಮಿಲಿಸೆಕೆಂಡ್ ಆಗುತ್ತಿದ್ದರೆ ಅದು ಜಿಟ್ಟರ್. ದಾರಿಯಲ್ಲೇ ಪೊಟ್ಟಣ ಕಳೆದುಹೋದರೆ ಪ್ಯಾಕೆಟ್ ಲಾಸ್. ವೀಡಿಯೋ ನೋಡುವಾಗ ಕಳೆದುಹೋದ ಭಾಗವನ್ನು ಮತ್ತೆ ತರಿಸಿಕೊಳ್ಳಲು ಸಮಯವಿರುತ್ತದೆ. ಆಟದಲ್ಲಿ ಇಲ್ಲ. ವ್ಯಾಲೊರಂಟ್ ಆಟದ ಸರ್ವರ್ ಸೆಕೆಂಡಿಗೆ 128 ಬಾರಿ, ಕೌಂಟರ್ ಸ್ಟ್ರೈಕ್ 2 ಆಟದ್ದು 64 ಬಾರಿ ಲೆಕ್ಕ ಹಾಕುತ್ತದೆ. ತಡವಾಗಿ ಬಂದ ಪೊಟ್ಟಣ ಅಲ್ಲಿ ನಿನ್ನೆಯ ಪತ್ರಿಕೆ ಇದ್ದಂತೆ.

ದೂರವೂ ಒಂದು ಕಾರಣ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಕಾಸರಗೋಡಿನಿಂದ ಮುಂಬೈ ಸರ್ವರಿಗೆ ನೇರ ಗೆರೆಯಲ್ಲಿ ಹೋಗಿಬರಲು 8 ಮಿಲಿಸೆಕೆಂಡ್, ಸಿಂಗಾಪುರಕ್ಕಾದರೆ 34 ಸಾಕು. ಕೇಬಲ್ ನೇರವಾಗಿ ಹೋಗುವುದಿಲ್ಲವಾದ್ದರಿಂದ ನಿಜವಾದ ಸಮಯ ಇದಕ್ಕಿಂತ ಹೆಚ್ಚು. ಮೇಲೆ ಹೇಳಿದ ಎರಡೂ ಆಟಗಳಿಗೆ ಮುಂಬೈಯಲ್ಲೇ ಸರ್ವರ್ ಇದೆ. ಆದರೆ ದುಬಾಯಿಯಲ್ಲಿರುವ ಚಿಕ್ಕಪ್ಪನ ಮಕ್ಕಳ ಜೊತೆ ಆಡಲು ಅಲ್ಲಿನ ಸರ್ವರ್ ಆರಿಸಿಕೊಂಡರೆ ಕಡಲು ದಾಟಲೇಬೇಕು. 2025ರ ಸೆಪ್ಟೆಂಬರ್‌ನಲ್ಲಿ ಜೆದ್ದಾ ಬಳಿ ಕೆಂಪು ಸಮುದ್ರದಲ್ಲಿ ಕೇಬಲ್‌ಗಳು ತುಂಡಾದಾಗ ಭಾರತ, ಪಾಕಿಸ್ತಾನ, ಯುಎಇಗಳಲ್ಲಿ ಇಂಟರ್‌ನೆಟ್ ನಿಧಾನವಾದದ್ದು ನೆನಪಿರಬಹುದು. ಅಂತಹ ದಿನ ಮನೆಯ ಪೆಟ್ಟಿಗೆಯನ್ನು ಎಷ್ಟು ಬಾರಿ ಆರಿಸಿ ಹಾಕಿದರೂ ಪ್ರಯೋಜನವಿಲ್ಲ.

ಹಾಗಾದರೆ ತಪ್ಪು ಮನೆಯೊಳಗಿನದೋ ಹೊರಗಿನದೋ ತಿಳಿಯುವುದು ಹೇಗೆ? ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ಮನೆಯ ರೂಟರಿಗೇ ಪಿಂಗ್ ಮಾಡಬೇಕು. ಹಲವು ಮನೆಗಳಲ್ಲಿ ಅದರ ವಿಳಾಸ 192.168.1.1. ನೂರು ಬಾರಿ ಕಳಿಸಿದಾಗ ಬಹುತೇಕ ಉತ್ತರಗಳು ಕೆಲವೇ ಮಿಲಿಸೆಕೆಂಡಿನಲ್ಲಿ ಬಂದರೆ ಮನೆಯೊಳಗೆ ಸರಿ ಇದೆ. ಅಲ್ಲೇ ನೂರು ದಾಟಿದರೆ, ಉತ್ತರವೇ ಬಾರದಿದ್ದರೆ, ದೋಷ ವೈಫೈಯದ್ದು. ರೂಟರ್ ಸರಿ ಇದ್ದರೆ 8.8.8.8 ಎಂಬ ಗೂಗಲ್ ವಿಳಾಸಕ್ಕೆ ಹೀಗೆಯೇ ಮಾಡಬೇಕು. ಇಲ್ಲಿ ಮಾತ್ರ ಕೆಟ್ಟರೆ ದೋಷ ಹೊರಗಿನ ಲೈನಿನದು. ಎರಡೂ ಸರಿಯಿದ್ದು ಒಂದೇ ಆಟ ಕೆಟ್ಟರೆ ಆ ಆಟದ ಸರ್ವರ್ ಅಥವಾ ಅಲ್ಲಿಗೆ ಹೋಗುವ ದಾರಿಯನ್ನು ಸಂಶಯಿಸಬೇಕು.

ನಮ್ಮ ಕಡೆಯ ಕೆಂಪುಕಲ್ಲಿನ ದಪ್ಪ ಗೋಡೆಗಳು ವೈಫೈಗೆ ಶತ್ರು. 5 ಗಿಗಾಹರ್ಟ್ಸ್ ತರಂಗ ವೇಗವಾದರೂ ಗೋಡೆ ದಾಟುವಾಗ ಸೋಲುತ್ತದೆ. 2.4 ದೂರ ಹೋಗುತ್ತದೆ, ಆದರೆ ಅಕ್ಕಪಕ್ಕದ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಅಲ್ಲೇ ಗಲಾಟೆ ಮಾಡುತ್ತವೆ. ಅತಿ ಸುಲಭದ ಮದ್ದು ಒಂದು ಲ್ಯಾನ್ ಕೇಬಲ್.

ತಮ್ಮನ ಮನೆಯಲ್ಲಿ ಸಿಕ್ಕಿದ ಕಳ್ಳ ಬೇರೆ. ರಾತ್ರಿ ಚಾರ್ಜಿಗಿಟ್ಟ ಮನೆಯವರ ಫೋನುಗಳು ದಿನದ ಫೋಟೋಗಳನ್ನೆಲ್ಲ ಕ್ಲೌಡಿಗೆ ಏರಿಸುತ್ತಿದ್ದವು. ಮೇಲಕ್ಕೆ ಹೋಗುವ ದಾರಿ ತುಂಬಿದಾಗ ಆಟದ ಸಣ್ಣ ಪೊಟ್ಟಣ ಆ ಸಾಲಿನ ಕೊನೆಯಲ್ಲಿ ಕಾಯುತ್ತದೆ. ಏನೂ ಇಲ್ಲದಾಗ 25 ಇದ್ದ ಪಿಂಗ್ ಆಗ 300 ದಾಟುತ್ತಿತ್ತು. ಬ್ಯಾಕಪ್ಪನ್ನು ಹುಡುಗ ಮಲಗಿದ ಮೇಲೆ ಮಾಡುವಂತೆ ಬದಲಿಸಿದೆವು. ಕಾಸು ಖರ್ಚಿಲ್ಲದೆ ರೋಗ ವಾಸಿಯಾಯಿತು. ದೊಡ್ಡ ಪ್ಲಾನಿಗೆ ಸುರಿದ ಹಣ ಮಾತ್ರ ಹೋಯಿತು.

ಆದರೆ ಎಲ್ಲವೂ ಮನೆಯಲ್ಲೇ ವಾಸಿಯಾಗುವುದಿಲ್ಲ. ಕಂಬದಿಂದ ಕಂಬಕ್ಕೆ, ಮರದಿಂದ ಮರಕ್ಕೆ ಜೋತಾಡುವ ಫೈಬರ್ ಎಳೆಯ ಮೇಲೆ ಮಳೆಗಾಲದಲ್ಲಿ ಅಡಿಕೆ ಮರ ಬಿದ್ದರೆ, ಎಳೆ ಬಳುಕಿ ಮಡಚಿಕೊಂಡರೆ, ಪೊಟ್ಟಣಗಳು ಕಳೆಯಲು ಶುರು. ಮೊಬೈಲ್ ಡೇಟಾದಲ್ಲಿ ಆಡುವವರ ಪಾಡು ಇನ್ನೊಂದು ಬಗೆ. ಎರಡು ಟವರುಗಳ ಅಂಚಿನಲ್ಲಿರುವ ಮನೆಯಲ್ಲಿ ಫೋನು ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ಜಿಗಿಯುತ್ತದೆ. ಪ್ರತಿ ಜಿಗಿತಕ್ಕೂ ಆಟ ಮುಗ್ಗರಿಸುತ್ತದೆ.

ಇಲ್ಲಿ ಸರಕಾರದ ಮಾತು ಬರುತ್ತದೆ. ಕೇರಳದ ಕೆ-ಫೋನ್ 2023ರ ಜೂನ್ 5ರಂದು ಉದ್ಘಾಟನೆಯಾಯಿತು. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ಅದರ ಗುರಿ. ಅದೇ ವರ್ಷದ ಆಗಸ್ಟ್‌ನಲ್ಲಿ ಕೇಂದ್ರವು 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಭಾರತ್‌ನೆಟ್ ಯೋಜನೆಗೆ ಒಪ್ಪಿಗೆ ನೀಡಿತು. ಇದರಲ್ಲಿ ಗಮನಿಸಬೇಕಾದ ಅಂಶವೆಂದರೆ ಪಂಚಾಯತುಗಳನ್ನು ಉಂಗುರದಂತೆ ಜೋಡಿಸುವ ಯೋಚನೆ. ಒಂದು ಕಡೆ ಎಳೆ ಕಡಿದರೆ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುತ್ತದೆ. ದಾರಿಯ ಕೊನೆಯ ಊರುಗಳಿಗೆ ಇದು ಸಣ್ಣ ಮಾತಲ್ಲ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2024ರಲ್ಲಿ ಹೊರಡಿಸಿದ ಸೇವಾ ಗುಣಮಟ್ಟದ ನಿಯಮಗಳಲ್ಲಿ ವೇಗದ ಜೊತೆಗೆ ಲೇಟೆನ್ಸಿ ಮತ್ತು ಪ್ಯಾಕೆಟ್ ನಷ್ಟಕ್ಕೂ ಮಿತಿ ಇದೆ. ಜಿಲ್ಲಾ ಮಟ್ಟದಲ್ಲಿ 24 ಗಂಟೆಗೂ ಮೀರಿ ಸೇವೆ ನಿಂತರೆ ಗ್ರಾಹಕರಿಗೆ ಪರಿಹಾರವೂ ಉಂಟು. ಆದರೆ ದೊಡ್ಡ ಪ್ರದೇಶದ ಸರಾಸರಿ ಚೆನ್ನಾಗಿದ್ದರೂ ಅಂಚಿನ ಒಂದು ಊರು ಕೆಟ್ಟಿರಬಹುದು. ಕೇರಳ ಒಂದು ಸೇವಾ ವಲಯ, ಕರ್ನಾಟಕ ಇನ್ನೊಂದು. ನಾವು ಎರಡರ ಅಂಚಿನವರು. ನಾವೇ ಬಾಯಿ ಬಿಡದಿದ್ದರೆ ಸರಾಸರಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯಿದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗೆ ಮಾನ್ಯತೆ ಕೊಟ್ಟಿತು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇದಕ್ಕೆ ಪದಕವೇ ಇತ್ತು. ಕ್ರೀಡೆ ಎಂದು ಒಪ್ಪಿದ ಮೇಲೆ ಮೈದಾನ ಸಮತಟ್ಟಾಗಿರಬೇಕು. ಕೊಚ್ಚಿಯ ಹುಡುಗನಿಗೆ 20 ಪಿಂಗ್, ಗಡಿಯ ಹುಡುಗನಿಗೆ 200 ಆದರೆ ಅದು ಸ್ಪರ್ಧೆಯಲ್ಲ.

ಆದ್ದರಿಂದ ದೂರು ಕೊಡುವಾಗ "ನೆಟ್ ಸರಿ ಇಲ್ಲ" ಎಂದಷ್ಟೇ ಹೇಳಬೇಡಿ. ಮೂರು ರಾತ್ರಿ ಒಂದೇ ಹೊತ್ತಿನಲ್ಲಿ ಪಿಂಗ್ ಮಾಡಿ, ನೂರರಲ್ಲಿ ಎಷ್ಟು ಕಳೆದವು ಎಂದು ಬರೆದಿಟ್ಟು, ಅಂಕಿ ಸಮೇತ ಹೇಳಿ. ದೂರಿನ ನಂಬರ್ ಕೇಳಿ ಪಡೆಯಿರಿ. ಸಮಾಧಾನ ಸಿಗದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯುವ ಹಕ್ಕು ನಿಮಗಿದೆ. ತಮ್ಮನ ಮಗ ಈಗ ಅಕ್ಕಪಕ್ಕದ ಐದು ಮನೆಗಳ ಅಂಕಿಗಳನ್ನೂ ಒಂದು ಹಳೆಯ ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದಾನೆ. ಮುಂದಿನ ಗ್ರಾಮಸಭೆಗೆ ಅದನ್ನು ಕೊಂಡುಹೋಗುವುದೆಂದು ನಿಶ್ಚಯಿಸಿದ್ದೇವೆ.